ಬೆಣ್ಣೆ ದೋಸೆಗೆ ಸ್ವಿಸ್ ಅಕ್ಷರ

ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಲ್ಲಿ ಬೆಣ್ಣೆ ದೋಸೆ ಹೋಟೆಲ್ ಹಾಕಿದ. ದಾವಣಗೆರೆಯಿಂದ ಭಟ್ಟರು ಬಂದರು, ಕಾವಲಿ ಬಂತು, ಬೆಣ್ಣೆಯೂ ಬಂತು. ಬೋರ್ಡು ಮಾತ್ರ ಬರಲಿಲ್ಲ. ಯಾಕೆ ಅಂದರೆ, ಡಿಸೈನರ್ ಇನ್ನೂ ಇನ್‌ಸ್ಪಿರೇಶನ್ ಹುಡುಕುತ್ತಿದ್ದ.

ಸ್ಫೂರ್ತಿಗೇ ಇಂಗ್ಲಿಷಲ್ಲಿ ಹಾಗೆ ಹೇಳೋದು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಸ್ಫೂರ್ತಿ ಸ್ನಾನ ಮಾಡುವಾಗ ಸುಮ್ನೆ ಬರುತ್ತದೆ. ಇನ್‌ಸ್ಪಿರೇಶನ್‌ಗೆ ಚಾರ್ಜರ್ ಬೇಕು, ವೈಫೈ ಬೇಕು, ಮೂರು ವಾರ ಬೇಕು.

ಮೂರು ವಾರದ ನಂತರ ಮೂಡ್ ಬೋರ್ಡ್, ಅಂದರೆ ಸ್ಫೂರ್ತಿಗೆಂದು ಆರಿಸಿ ಜೋಡಿಸಿದ ಚಿತ್ರಗಳ ಹಾಳೆ, ತೋರಿಸಿದ. ಕೋಪನ್‌ಹೇಗನ್‌ನ ಬೇಕರಿ, ಟೋಕಿಯೋದ ಕಾಫಿ ಲೋಟ, ಬ್ರೂಕ್ಲಿನ್‌ನ ಯಾವುದೋ ಕ್ಷೌರದಂಗಡಿಯ ಗಾಜು. ಎಲ್ಲದಕ್ಕೂ ಅದೇ ಕೆನೆಬಣ್ಣ, ಅದೇ ತೆಳ್ಳನೆಯ ಅಕ್ಷರ. ತಪ್ಪು ಅವನದೂ ಅಲ್ಲ ಬಿಡಿ. ಚಿತ್ರ ಹುಡುಕಿ ಕೂಡಿಡುವ ತಾಣವಾದ ಪಿಂಟರೆಸ್ಟ್‌ನಲ್ಲಿ ಒಂದು ಕೆನೆಬಣ್ಣದ ಪೋಸ್ಟರ್ ಉಳಿಸಿಕೊಂಡರೆ ಸಾಕು, ಅಂಥದೇ ನೂರು ತಂದು ಸುರಿಯುತ್ತದೆ. ಎಲ್ಲರಿಗೂ ಅದನ್ನೇ ಸುರಿಯುತ್ತದೆ. ಅದಕ್ಕೇ ಈಗ ನಮ್ಮಲ್ಲಿ ಹೊಸ ದೋಸೆ ಹೋಟೆಲ್ ಯಾವುದು, ಹಲ್ಲಿನ ಆಸ್ಪತ್ರೆ ಯಾವುದು ಅಂತ ಒಳಗೆ ಹೋಗಿ ವಾಸನೆ ನೋಡಿಯೇ ತಿಳಿಯಬೇಕು.

"ಇದರಲ್ಲಿ ದೋಸೆ ಎಲ್ಲಿದೆ?" ಅಂತ ತಮ್ಮ ಕೇಳಿದ.

"ದೋಸೆ ನೋಡಬೇಡಿ ಸರ್, ವೈಬ್ ನೋಡಿ."

ಬೋರ್ಡಿನ ಮೊದಲ ನಕ್ಷೆ ಬಂತು. ಹೆಲ್ವೆಟಿಕಾದಲ್ಲಿ ಇಂಗ್ಲಿಷ್ ಹೆಸರು. 1957ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಅಕ್ಷರ, ಒಳ್ಳೆಯ ಅಕ್ಷರ, ತಕರಾರಿಲ್ಲ. ಕನ್ನಡ ಎಲ್ಲಿ ಅಂತ ಹುಡುಕಿದರೆ ಕೆಳಗೆ ಮೂಲೆಯಲ್ಲಿ, ಇರುವೆ ಸಾಲಿನ ಹಾಗೆ. 2024ರ ತಿದ್ದುಪಡಿ ಕಾಯ್ದೆ ಪ್ರಕಾರ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಅಂತ ತಮ್ಮ ನೆನಪಿಸಿದ. ಡಿಸೈನರ್ ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ಇರುವೆ ಸಾಲನ್ನು ಮೇಲಕ್ಕೆ ತಂದು, ಎರಡೂ ತುದಿ ಹಿಡಿದು ಹಪ್ಪಳದ ಹಿಟ್ಟಿನ ಹಾಗೆ ಎಳೆದ. ದೋಸೆಯ 'ದ' ಇಡ್ಲಿಯಂತೆ ಉಬ್ಬಿತು. ತಲೆಕಟ್ಟು ಬಟ್ಟೆ ಒಣಹಾಕುವ ಹಗ್ಗ ಆಯಿತು. ಅಳತೆ ಹಾಕಿದರೆ ಸರಿಯಾಗಿ ಶೇ. 60!

"ಕನ್ನಡಕ್ಕೆ ಫಾಂಟೇ ಇಲ್ಲ ಸರ್, ಏನ್ ಮಾಡೋದು" ಅಂದ.

ನಾನು ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡ ಅಂತ ಆರಿಸಿ ನೋಡಿದೆ. 'ಬಲೂ ತಮ್ಮ' ಅನ್ನುವ ಫಾಂಟ್ ಇದೆ. ಹುಬ್ಬಳ್ಳಿ ಅಂತಲೇ ಒಂದಿದೆ. ಇನ್ನೊಂದರ ಹೆಸರು, ಸುಳ್ಳಲ್ಲ, ಬೆಣ್ಣೆ. ಎಲ್ಲ ಬಿಟ್ಟಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯೋದು ಅಂದರೆ ಇದೇ ಅಲ್ವಾ?

ಹೋಟೆಲಿನ ಎದುರಿಗೇ ಸೈಕಲ್ ಶಾಪಿದೆ. ಅದರ ಶಟರ್ ಮೇಲೆ ಬರೆದ ಪೇಂಟರ್ ಇವತ್ತಿಗೂ ಅದೇ ಬೀದಿಯಲ್ಲಿದ್ದಾರೆ. ಅವರು ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಬಿಗಿಯಾಗಿ ಎಳೆದು ಚಟ್ ಅಂತ ಬಿಟ್ಟರೆ ಗೆರೆ ಬೀಳುತ್ತದೆ. ಕುಂಚ ಒಮ್ಮೆ ಒತ್ತಿ, ತಿರುಗಿಸಿ, ಹಗುರಾಗಿ ಎತ್ತಿದರೆ 'ಶ' ಮುಗಿಯಿತು. ರವೊತ್ತು ಜಾರುಬಂಡೆಯ ಹಾಗೆ ಕೆಳಗಿಳಿದು ಬಾಲ ಎತ್ತುತ್ತದೆ. ಡಿಸೈನರ್ ದಿನಾ ಅದರ ಮುಂದೆಯೇ ಬೈಕ್ ನಿಲ್ಲಿಸುತ್ತಾನೆ. ತಮಾಷೆ ಏನೆಂದರೆ, ಆ ಶಟರಿನ ಫೋಟೋ ಅವನ ಮೂಡ್ ಬೋರ್ಡಿನಲ್ಲೂ ಇತ್ತು! ಯಾರೋ ಪ್ರವಾಸಿ ತೆಗೆದು ನೆಟ್ಟಿಗೆ ಹಾಕಿದ್ದು. ಹೆಸರು 'ವಿಂಟೇಜ್ ಇಂಡಿಯನ್ ಟೈಪ್'.

"ಎಂಥಾ ಲೆಟರಿಂಗ್ ಸರ್! ಇಂಥವರೆಲ್ಲ ಈಗ ಎಲ್ಲಿ ಸಿಗ್ತಾರೆ?"

ತಮ್ಮ ಕಿಟಕಿಯ ಕಡೆ ಕೈ ತೋರಿಸಿದ. ಡಿಸೈನರ್ ಮೊಬೈಲ್‌ನಿಂದ ಕಣ್ಣೆತ್ತಲಿಲ್ಲ.

ಕೊನೆಗೂ ಬೋರ್ಡು ಏರಿತು: 'ಬೆಣ್‌ಣೆ ದೋಸೆ'. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಂತಿತ್ತು, ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ. ಡಿಟಿಪಿ ಮಾಡುವ ಗೆಳೆಯನನ್ನು ಕೇಳಿದೆ. ಒತ್ತು ಸರಿಯಾಗಿ ಕೂರಬೇಕಾದರೆ ಸಾಫ್ಟ್‌ವೇರಿನಲ್ಲಿ 'ವರ್ಲ್ಡ್-ರೆಡಿ' ಅನ್ನುವ ಆಯ್ಕೆ ಆನ್ ಮಾಡಬೇಕಂತೆ. ಕೂತಲ್ಲೇ ಇಡೀ ವರ್ಲ್ಡ್ ಸುತ್ತಿ ಬಂದ ಪುಣ್ಯಾತ್ಮ ಅದೊಂದನ್ನು ಮರೆತಿದ್ದ.

ಮೊದಲ ದಿನವೇ ಗಿರಾಕಿಯೊಬ್ಬರು, "ಬೆಣ್, ಣೆ, ಎರಡೂ ಒಂದೇ ಪ್ಲೇಟಲ್ಲಿ ಬರುತ್ತಾ?" ಅಂತ ಕೇಳಿದರು. ಡಿಸೈನರ್‌ಗೆ ಫೋನ್ ಮಾಡಿದರೆ, "ತಪ್ಪಲ್ಲ ಸರ್, ಅದು ಡಿಕನ್‌ಸ್ಟ್ರಕ್ಟೆಡ್ ಟೈಪೋಗ್ರಫಿ" ಅಂದ. ಬೋರ್ಡಿನ ಫೋಟೋವನ್ನು ಡಿಸೈನರ್‌ಗಳು ತಮ್ಮ ಕೆಲಸ ತೋರಿಸುವ ತಾಣವಾದ ಬಿಹ್ಯಾನ್ಸ್‌ಗೆ ಏರಿಸಿದ್ದೂ ಆಗಿತ್ತು. ಲೈಕುಗಳು ಬರುತ್ತಿದ್ದವು.

ಮೊನ್ನೆ ಪಕ್ಕದ ಬಡಾವಣೆಯಲ್ಲಿ ಹೊಸ ಜ್ಯೂಸ್ ಅಂಗಡಿ ಶುರುವಾಯಿತು. ಕೆನೆಬಣ್ಣದ ಬೋರ್ಡು, ಮೇಲೆ 'ಹಣ್‌ಣಿನ ರಸ'. ಮೂಸಂಬಿ ಕುಡಿಯುತ್ತಾ ಮೆಲ್ಲಗೆ ಕೇಳಿದೆ, "ಒತ್ತು ತಪ್ಪಾಗಿದೆಯಲ್ಲ?"

"ಇಲ್ಲ ಸಾರ್," ಅಂದರು ಅಂಗಡಿಯವರು. "ಮಾಮೂಲಿ ಒತ್ತಾದರೆ ಎಂಟು ಸಾವಿರ ಅಂದ್ರು. ಇದಕ್ಕೆ ನಾಲ್ಕು ಸಾವಿರ ಜಾಸ್ತಿ ಕೊಟ್ಟಿದ್ದೀನಿ."