ಮೊದಲು ಕಲ್ಚರ್, ಆಮೇಲೆ ಆಂಟಿಬಯೋಟಿಕ್: ಇದು ಸರಿಯೇ?

ಪ್ರಶ್ನೆ: ಹೃದಯದ ಕವಾಟದ ತೊಂದರೆ ಇರುವವರಿಗೆ ಕಾರಣ ತಿಳಿಯದ ಜ್ವರ ಬಂದರೆ, ರಕ್ತವನ್ನು ಕಲ್ಚರ್‌ಗೆ (ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ) ತೆಗೆದ ಮೇಲಷ್ಟೇ ಆಂಟಿಬಯೋಟಿಕ್ ಶುರು ಮಾಡಬೇಕೇ?

ಪರ: ಮೊದಲು ರಕ್ತ ತೆಗೆಯಿರಿ

ನನ್ನ ಅಕ್ಕನಿಗೆ ಕವಾಟ ಬದಲಾಯಿಸಿ ಆರು ವರ್ಷ ಆಗಿತ್ತು. ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಬೆವರು. ಊಟ ಸೇರುತ್ತಿರಲಿಲ್ಲ. ಐದು ದಿನದ ಆಂಟಿಬಯೋಟಿಕ್ ಬರೆದುಕೊಟ್ಟರು. ಜ್ವರ ಬಿಟ್ಟಿತು, ಹತ್ತು ದಿನಕ್ಕೆ ಮತ್ತೆ ಬಂತು. ಬೇರೆ ಮಾತ್ರೆ ಕೊಟ್ಟರು. ಹೀಗೆ ಮೂರು ಸಲ. ಕೊನೆಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿದಾಗ ಕವಾಟಕ್ಕೆ ಅಂಟಿಕೊಂಡ ಸಣ್ಣ ಗಂಟೊಂದು ಅಲುಗಾಡುತ್ತಿತ್ತು. ವೈದ್ಯರು ಅದನ್ನು ವೆಜಿಟೇಶನ್ ಅನ್ನುತ್ತಾರೆ. ಆಮೇಲೆ ರಕ್ತ ಕಲ್ಚರ್‌ಗೆ ಹೋಯಿತು. ಏನೂ ಬೆಳೆಯಲಿಲ್ಲ.

ಸೋಂಕು ಇರಲಿಲ್ಲ ಅಂತಲ್ಲ. ನುಂಗಿದ ಮಾತ್ರೆ ರಕ್ತದಲ್ಲಿದ್ದ ಬ್ಯಾಕ್ಟೀರಿಯಾವನ್ನು ಅಡಗಿಸಿತ್ತು, ಕವಾಟದ ಮೇಲಿದ್ದದ್ದನ್ನು ಕೊಂದಿರಲಿಲ್ಲ. ಎಂಡೋಕಾರ್ಡೈಟಿಸ್‌ನಲ್ಲಿ, ಅಂದರೆ ಹೃದಯದ ಒಳಪದರ, ಕವಾಟಗಳ ಸೋಂಕಿನಲ್ಲಿ, ಕಲ್ಚರ್ ಖಾಲಿ ಬರಲು ಮುಖ್ಯ ಕಾರಣವೇ ಮುಂಚೆ ಕೊಟ್ಟ ಆಂಟಿಬಯೋಟಿಕ್.

ಅಪರೂಪದ ಬ್ಯಾಕ್ಟೀರಿಯಾಗಳು ಇನ್ನೊಂದು ಕಾರಣ. ದನ, ಕುರಿ, ಮೇಕೆಗಳಿಂದ ಬರುವ ಕ್ಯೂ ಜ್ವರದ ಕಾಕ್ಸಿಯೆಲ್ಲಾ ಜೀವಕೋಶದ ಒಳಗೇ ಬದುಕುತ್ತದೆ. ಸಾಮಾನ್ಯ ಕಲ್ಚರ್ ಬಾಟಲಿಯಲ್ಲಿ ಅದು ಬೆಳೆಯುವುದೇ ಇಲ್ಲ. ಬೆಕ್ಕಿನಿಂದಲೋ ಮೈಹೇನಿನಿಂದಲೋ ಬರುವ ಬಾರ್ಟೊನೆಲ್ಲಾ ಕೂಡ ಹೀಗೇ ತಪ್ಪಿಸಿಕೊಳ್ಳುತ್ತದೆ. ಇವನ್ನು ಹಿಡಿಯಲು ಆಂಟಿಬಾಡಿ ಪರೀಕ್ಷೆ ಬೇಕು. ಮಾತ್ರೆಗೆ ಮೊದಲೇ ತೆಗೆದ ಕಲ್ಚರ್ ಖಾಲಿ ಬಂದರೆ ವೈದ್ಯರಿಗೆ ಇವುಗಳ ಮೇಲೆ ಅನುಮಾನ ಬರುತ್ತದೆ. ಮಾತ್ರೆ ಕೊಟ್ಟ ಮೇಲೆ ಖಾಲಿ ಬಂದರೆ? ಮಾಮೂಲಿ ಬ್ಯಾಕ್ಟೀರಿಯಾ ಸ್ಟ್ರೆಪ್ಟೋಕಾಕಸ್ ಅಡಗಿ ಕೂತಿದೆಯೋ, ಕಾಕ್ಸಿಯೆಲ್ಲಾ ಇದೆಯೋ, ಹೇಳುವುದು ಕಷ್ಟ. ಮೊದಲನೆಯದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ನರಕ್ಕೆ ಇಂಜೆಕ್ಷನ್. ಎರಡನೆಯದಕ್ಕೆ ಡಾಕ್ಸಿಸೈಕ್ಲಿನ್ ಜೊತೆ ಹೈಡ್ರಾಕ್ಸಿಕ್ಲೋರೋಕ್ವಿನ್, ಕಡಿಮೆಯೆಂದರೂ 18 ತಿಂಗಳು. ಎಷ್ಟು ವ್ಯತ್ಯಾಸ ನೋಡಿ!

ಕಾಯಲು ಸಮಯ ಎಲ್ಲಿದೆ ಅಂತ ಕೇಳುವವರಿದ್ದಾರೆ. ಬೇರೆ ಬೇರೆ ಕಡೆಯಿಂದ ಮೂರು ಸಲ ರಕ್ತ ತೆಗೆಯಬೇಕು, ನಡುವೆ ಅರ್ಧ ಅರ್ಧ ಗಂಟೆ. ಅಷ್ಟೇ ಅಲ್ವಾ? ವಾರಗಟ್ಟಲೆ ಕಾದ ಜ್ವರ ಇನ್ನೊಂದು ಗಂಟೆ ಕಾಯುವುದಿಲ್ಲವೇ?

ಅಕ್ಕನಿಗೆ ಆರು ವಾರ ಇಂಜೆಕ್ಷನ್ ಕೊಟ್ಟರು. ಯಾವ ಬ್ಯಾಕ್ಟೀರಿಯಾಕ್ಕೆ ಕೊಡುತ್ತಿದ್ದೇವೆ ಅನ್ನುವುದು ಕೊಟ್ಟವರಿಗೂ ಖಚಿತವಿರಲಿಲ್ಲ. ಅವಳು ಉಳಿದಳು. ನಾನು ಈಗಲೂ ಸಂಜೆ ಅವಳ ಹಣೆ ಮುಟ್ಟಿ ನೋಡುತ್ತೇನೆ.

ವಿರೋಧ: ಕಾಯಲಾಗದ ಜ್ವರವೂ ಇದೆ

ವಿರೋಧವಾಗಿ ಬರೆಯಿರಿ ಅಂದರು. ಕಲ್ಚರ್ ಮೊದಲು ಅನ್ನುವುದನ್ನು ನಾನೂ ಬಹುಪಾಲು ಒಪ್ಪುತ್ತೇನೆ. ನನ್ನ ತಕರಾರು ಪ್ರಶ್ನೆಯಲ್ಲಿರುವ ‘ಮೇಲಷ್ಟೇ’ ಅನ್ನುವ ಪದದ ಬಗ್ಗೆ.

ಎಲ್ಲ ಸೋಂಕೂ ನಿಧಾನವಾಗಿ ಬರುವುದಿಲ್ಲ. ಸ್ಟಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕೆಲವೇ ದಿನಗಳಲ್ಲಿ ಕವಾಟವನ್ನು ಹಾಳು ಮಾಡಬಲ್ಲದು. ಗಂಟಿನ ಚೂರು ಕಳಚಿ ಮೆದುಳಿಗೆ ಹೋದರೆ ಸ್ಟ್ರೋಕ್ ಆಗುತ್ತದೆ. ಸೋಂಕಿನಿಂದ ಬಿಪಿ ಕುಸಿದು ಸೆಪ್ಟಿಕ್ ಶಾಕ್‌ಗೆ ಜಾರಿದ ರೋಗಿಗೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಕೊಡಿ ಅನ್ನುತ್ತವೆ ಮಾರ್ಗಸೂಚಿಗಳು. ಅಂಥವರ ಪಕ್ಕ ಬಾಟಲಿ ಹಿಡಿದು ಗಡಿಯಾರ ನೋಡುತ್ತಾ ಕೂರಬೇಕೇ?

ಕಲ್ಚರ್ ಕೈತಪ್ಪಿದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಆಪರೇಷನ್‌ನಲ್ಲಿ ಕವಾಟ ತೆಗೆದರೆ, ಅದರ ತುಂಡಿನಲ್ಲಿ ಪಿಸಿಆರ್ ಮಾಡಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕಬಹುದು. ಇದು ಎಲ್ಲರಿಗೂ ಆಗುವಂಥದ್ದಲ್ಲ, ನಿಜ.

ಕಲ್ಚರ್ ಬಾಟಲಿಯೇ ಇಲ್ಲದ ಸಣ್ಣ ಕ್ಲಿನಿಕ್‌ಗಳ ಬಗ್ಗೆಯೂ ಯೋಚಿಸಿ. ರೋಗಿಯ ಸ್ಥಿತಿ ಕೆಡುತ್ತಿದ್ದಾಗ ಮೊದಲ ಡೋಸ್ ಕೊಟ್ಟು, ಔಷಧಿಯ ಹೆಸರನ್ನೂ ಕೊಟ್ಟ ಹೊತ್ತನ್ನೂ ಚೀಟಿಯಲ್ಲಿ ಬರೆದು, ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಿದ ವೈದ್ಯರನ್ನು ನಾನಂತೂ ದೂರಲಾರೆ.