ಮೂರು ಯಜಮಾನರ ಮನೆ

ನಮ್ಮ ಕಾಸರಗೋಡಿನ ಮನೆಗಳಲ್ಲಿ ಈಗ ಯಜಮಾನರು ಮೂವರು. ಪಡಿತರ ಚೀಟಿಯಲ್ಲಿ ಅಜ್ಜಿ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿಯೆಂದು ಗುರುತಿಸಿದೆ. ಭೂತೆರಿಗೆ ರಶೀದಿಯಲ್ಲಿ ಅಪ್ಪ. ಒಟಿಪಿ ಬರುವುದು ಮಾತ್ರ ಮಗಳ ಮೊಬೈಲಿಗೆ.

ಹಿಂದೆ ತಾಯಿಯ ವಂಶದಲ್ಲೇ ಆಸ್ತಿ ಇಳಿಯುವ ಅಳಿಯಸಂತಾನದ ಮನೆಗಳಲ್ಲಿ ಹಿರಿಯ ಮಾವ ತೀರಿದ ಮೇಲೆ ಯಜಮಾನಿಕೆ ಮುಂದಿನ ಹಿರಿಯನಿಗೆ ದಾಟುತ್ತಿತ್ತು. ಅಷ್ಟರಲ್ಲಿ ಆತನ ತಲೆಯೂ ನರೆತಿರುತ್ತಿತ್ತು. ಕೇರಳದ 1975ರ ಹಿಂದೂ ಕೂಡು ಕುಟುಂಬ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದು ಆ ಏರ್ಪಾಡನ್ನು ಮುಗಿಸಿತು. ಹೋದದ್ದಕ್ಕೆ ನಾನು ಹಲುಬುತ್ತಿಲ್ಲ, ಯಜಮಾನರ ದಬ್ಬಾಳಿಕೆಯ ಕಥೆಗಳನ್ನು ಸಾಕಷ್ಟು ಕೇಳಿದ್ದೇನೆ. ಆದರೆ ಆಗ ಹೊಣೆ ಯಾರ ಹೆಗಲಿಗೋ ಮಾತೂ ಅವರದೇ.

ಈಗ ನೋಡಿ. ಕನ್ನಡ ಮಾಧ್ಯಮದಲ್ಲಿ ಕಲಿತ ನನ್ನ ಅಣ್ಣನಿಗೆ ಮಲಯಾಳದ ನೋಟೀಸು ಓದಲು ಬಾರದು. 2017ರಲ್ಲಿ ಶಾಲೆಗಳಿಗೆ ಮಲಯಾಳ ಕಡ್ಡಾಯವಾದಾಗ ನಾವು ವಿರೋಧಿಸಿದೆವು, ವಿರೋಧಿಸಿದ್ದು ಸರಿಯೇ. ಆದರೂ ಕಾಗದ ಬಂದ ಕೂಡಲೇ ನಾವು ಕೂಗಿ ಕರೆಯುವುದು ಮಲಯಾಳ ಬಲ್ಲ ಅವನ ಮಗಳನ್ನೇ! ಹತ್ತನೇ ತರಗತಿಯ ಹುಡುಗಿ ಅಜ್ಜಿಯನ್ನು ಪಿಂಚಣಿಯ ಮಸ್ಟರಿಂಗಿಗೆ, ಅಂದರೆ ಬದುಕಿದ್ದೇನೆಂದು ದಾಖಲಿಸಲು, ಸರ್ಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರಕ್ಕೆ ಕರೆದೊಯ್ಯುತ್ತಾಳೆ, ಅರ್ಜಿ ತುಂಬುತ್ತಾಳೆ. ಸಾಲ ಎಷ್ಟು ಬಾಕಿಯಿದೆ ಎಂಬುದು ತಾಯಿಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ಆ ವಯಸ್ಸಿಗೆ ನನಗೆ ಅಡಿಕೆಯ ಧಾರಣೆಯೂ ಗೊತ್ತಿರಲಿಲ್ಲ. ಅದೇ ಸಂಜೆ ತೋಟದ ಅರ್ಧ ಎಕರೆ ಮಾರುವ ಮಾತು ಬಂದರೆ, "ನೀನು ಒಳಗೆ ಹೋಗು, ಮಕ್ಕಳಿಗೆ ಇದೆಲ್ಲ ಯಾಕೆ?" ಸಾಲದ ಚಿಂತೆ ಹೊರಲು ದೊಡ್ಡವಳು, ಬಾಯಿ ಬಿಡಲು ಚಿಕ್ಕವಳು. ಇದು ನನಗೆ ಒಪ್ಪಿಗೆಯಿಲ್ಲ.

ಹಿರಿಯರ ಪಾಡು ಇದಕ್ಕಿಂತ ಕಡೆ. ಏನೆಂದು ಹೇಳದೆಯೇ ಅವರ ಹೆಬ್ಬೆರಳು ಒತ್ತಿಸಿಕೊಳ್ಳುವವರು ನಮ್ಮಲ್ಲಿದ್ದಾರೆ. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿದ ಹಿರಿಯರು, ಮಕ್ಕಳು ಕೈಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅದನ್ನು ರದ್ದು ಮಾಡಿಸಲು ಕೇಳಬಹುದು. ಆಸ್ತಿ ಬರೆಸಿಕೊಳ್ಳಲು ನಿಂತ ಮಗ ಇದನ್ನು ಹೇಳಿಯಾನೇ? ಓದು ಬಲ್ಲ ಮೊಮ್ಮಕ್ಕಳೇ ಹೇಳಬೇಕು.

ನಮ್ಮ ಮನೆಯಲ್ಲಿ ಈಗ ಯಾವ ಕಾಗದಕ್ಕಾದರೂ ಸಹಿ ಬೀಳುವ ಮೊದಲು ಹುಡುಗಿ ಅದನ್ನು ಎಲ್ಲರೆದುರು ಕನ್ನಡದಲ್ಲಿ ಹೇಳಬೇಕು, ತನ್ನ ಅಭಿಪ್ರಾಯವನ್ನೂ ಸೇರಿಸಬೇಕು. ಅಣ್ಣನಿಗೆ ಇದರಿಂದ ಸ್ವಲ್ಪ ಕಸಿವಿಸಿ. ನಮ್ಮ ಅಮ್ಮನಿಗೆ, ಅಂದರೆ ಹುಡುಗಿಯ ಅಜ್ಜಿಗೆ, ಮಾತ್ರ ಭಾರೀ ಹುರುಪು. ಮೊನ್ನೆ ಕರೆಂಟ್ ಬಿಲ್ ಹಿಡಿದು, ದೀಪ ಉರಿಸದಿದ್ದರೂ ನಿಗದಿತ ಶುಲ್ಕ ಯಾಕೆ ಕೊಡಬೇಕು ಎಂದು ಕೇಳಿದರು. ಮೂವರು ಯಜಮಾನರೂ ಸೇರಿ ಇನ್ನೂ ಚರ್ಚಿಸುತ್ತಿದ್ದಾರೆ.