ಕತ್ತಲಲ್ಲಿ ಹೊಳೆಯುವ ನಕ್ಷತ್ರದಲ್ಲಿ ರೇಡಿಯಂ ಇದೆಯಾ?

ಮಕ್ಕಳ ಕೋಣೆಯಲ್ಲಿ ಅಂಟಿಸುವ, ಕತ್ತಲಲ್ಲಿ ಹಸಿರಾಗಿ ಹೊಳೆಯುವ ನಕ್ಷತ್ರಗಳಲ್ಲಿ ರೇಡಿಯಂ (ವಿಕಿರಣ ಸೂಸುವ ಲೋಹ) ಇದೆ, ಕ್ಯಾನ್ಸರ್ ಬರುತ್ತದೆ ಎಂಬ ಮೆಸೇಜ್ ಆಗಾಗ ಬರುತ್ತಿರುತ್ತದೆ. ಮಕ್ಕಳ ವಿಷಯ, ಗಾಬರಿ ಆಗೋದು ಸಹಜ ಅಲ್ವಾ? ಆದರೆ ಮಾತು ತಪ್ಪು.

ರೇಡಿಯಂನ ಲವಣವಾದ ರೇಡಿಯಂ ಕ್ಲೋರೈಡ್ ನೋಡಲು ಉಪ್ಪಿನಂಥ ಬಿಳಿ ಪದಾರ್ಥ. ಟನ್‌ಗಟ್ಟಲೆ ಅದಿರಿನ ಕಸ ಕುದಿಸಿ, ಸೋಸಿ, ಮತ್ತೆ ಮತ್ತೆ ಹರಳುಗಟ್ಟಿಸಿ ಮೇರಿ ಕ್ಯೂರಿ 1902ರಲ್ಲಿ ಪಡೆದದ್ದು ಸುಮಾರು 0.1 ಗ್ರಾಂ. ಅದರ ಸ್ವಂತ ಬೆಳಕು ಮಂದ, ನೀಲಿ ಛಾಯೆಯದು. ಹಳೇ ವಾಚುಗಳ ಹಸಿರು ಹೊಳಪು ರೇಡಿಯಂ ಜೊತೆ ಬೆರೆಸಿದ ಸತುವಿನ ಸಲ್ಫೈಡಿನದು. ಇವತ್ತಿನ ನಕ್ಷತ್ರಗಳಲ್ಲಿ ಸಾಮಾನ್ಯವಾಗಿ ಸತುವಿನ ಸಲ್ಫೈಡ್ ಅಥವಾ ಸ್ಟ್ರಾಂಷಿಯಂ ಅಲ್ಯೂಮಿನೇಟ್ ಇರುತ್ತದೆ, ರೇಡಿಯಂ ಅಲ್ಲ.

ನೀವೇ ಪರೀಕ್ಷಿಸಿ. ನಕ್ಷತ್ರವನ್ನು ನಾಲ್ಕು ದಿನ ಮುಚ್ಚಿದ ಡಬ್ಬಿಯಲ್ಲಿಟ್ಟು, ಕತ್ತಲಲ್ಲೇ ತೆಗೆಯಿರಿ. ಹೊಳಪು ಇರುವುದಿಲ್ಲ. ಟಾರ್ಚ್ ಬಿಟ್ಟರೆ ಮತ್ತೆ ಹೊಳೆಯುತ್ತದೆ. ಹಳೇ ವಾಚಿನ ರೇಡಿಯಂ ಬಣ್ಣಕ್ಕೆ ಟಾರ್ಚ್ ಬೇಕಿರಲಿಲ್ಲ, ರೇಡಿಯಂನ ವಿಕಿರಣವೇ ಅದನ್ನು ಹೊಳೆಯಿಸುತ್ತಿತ್ತು. ಮೆಸೇಜಿನಲ್ಲಿ ಯಾವ ವಸ್ತು, ಎಲ್ಲಿ ಪರೀಕ್ಷೆಯಾಯಿತು ಅಂತ ಇದೆಯಾ, ಅದನ್ನೂ ನೋಡಿ.

1970ರ ದಶಕಕ್ಕಿಂತ ಹಳೆಯ ವಾಚಿಗೆ ಮಾತ್ರ ಈ ಪರೀಕ್ಷೆ ಸಾಲದು. ಹೊಳಪು ಹೋದರೂ ರೇಡಿಯಂ ಹೋಗಿರುವುದಿಲ್ಲ, ಅದರ ಅರ್ಧಾಯುಷ್ಯ (ಇದ್ದದ್ದರಲ್ಲಿ ಅರ್ಧ ಕಳೆಯಲು ಬೇಕಾದ ಕಾಲ) ಸುಮಾರು 1600 ವರ್ಷ. ಅಂಥ ವಾಚನ್ನು ಸುಮ್ನೆ ಬಿಚ್ಚಬೇಡಿ, ಬಣ್ಣ ಕೆರೆಯಬೇಡಿ.